ಪಿಯುಸಿ ಇಲ್ಲದ ಇಂಜಿನಿಯರಿಂಗ್ ಕನಸು: ಐಟಿಐ, ಡಿಪ್ಲೊಮಾ ಮಾಡಿದ ಹುಡುಗನ ಪ್ರಕರಣ

ಮುಂದಿನ ಓದಿನ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದ ಅಕ್ಕ, ತಮ್ಮನ ಪ್ರಕರಣ ಇದು. ಈ ಬರಹಕ್ಕೆ ಇಬ್ಬರ ಒಪ್ಪಿಗೆಯೂ ಇದೆ. ಹೆಸರು ಬದಲಿಸಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಅದಲುಬದಲು ಮಾಡಿದ್ದೇನೆ. ಓದಿದ ದಾರಿ, ಎದುರಾದ ಗೊಂದಲ, ಕೊಟ್ಟ ಸಲಹೆ ಮಾತ್ರ ಇದ್ದ ಹಾಗೇ ಇವೆ.

ಬಂದ ಕಾರಣ

ಬಸವರಾಜನಿಗೆ ಆಗ 21 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿ ಹುಡುಗ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಶೇ. 52. ಬೇಗ ಕೈಗೊಂದು ಕೆಲಸ ಸಿಗಲಿ ಅಂತ ಮನೆಯವರು ಐಟಿಐಗೆ ಸೇರಿಸಿದರು. ಎಲೆಕ್ಟ್ರಿಷಿಯನ್ ಟ್ರೇಡ್, ಎರಡು ವರ್ಷ. ಮುಗಿದ ಮೇಲೆ ಒಂದು ವರ್ಷ ಗುತ್ತಿಗೆದಾರರೊಬ್ಬರ ಕೈಕೆಳಗೆ ಮನೆ ವೈರಿಂಗ್ ಮಾಡಿದ. ಐಟಿಐ ಪಾಸಾದವರಿಗೆ ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶ ಇದೆ ಅಂತ ಅಲ್ಲಿ ಯಾರೋ ಹೇಳಿದರು. ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಗೆ ಸೇರಿದ. ನನ್ನ ಹತ್ತಿರ ಬಂದಾಗ ಕೊನೆಯ ಸೆಮಿಸ್ಟರ್ ಶುರುವಾಗಿತ್ತು. ಮುಂದೆ ಬಿಇ ಮಾಡಬೇಕು ಅನ್ನುವುದು ಅವನ ಆಸೆ.

ಕರೆದುಕೊಂಡು ಬಂದವರು ಅಕ್ಕ ಗೀತಾ. ತಮ್ಮನಿಗಿಂತ ಹನ್ನೊಂದು ಹನ್ನೆರಡು ವರ್ಷ ದೊಡ್ಡವರು. ಗಾರ್ಮೆಂಟ್ಸ್ ಕೆಲಸಕ್ಕೆ ಅವತ್ತು ರಜೆ ಹಾಕಿದ್ದರು. ಮಾತೆಲ್ಲ ಅವರದೇ. ಹುಡುಗ ತಲೆ ಬಗ್ಗಿಸಿ ಕೂತಿದ್ದ.

‘ಮೇಡಮ್, ಇವ ಪಿಯುಸಿ ಮಾಡಿಲ್ರಿ. ಇಂಜಿನಿಯರಿಂಗ್ ಕೊಡೂದಿಲ್ಲಂತ. ಈಗ ಪಿಯುಸಿ ಕಟ್ಟಿಸ್ಬೇಕಾ, ಇಲ್ಲ ಇಷ್ಟಕ್ಕ ಸಾಕು ಮಾಡಿ ಕೆಲಸಕ್ಕ ಕಳಸ್ಬೇಕಾ, ಒಂದು ಹೇಳ್ರಿ.’

ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದ ತಂದಿದ್ದರು. ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಜಾತಿ ಆದಾಯ ಪತ್ರ. ಜೊತೆಗೆ ಒಂದು ಬಣ್ಣದ ಕರಪತ್ರ. ಒಂದೇ ಸಲಕ್ಕೆ ಪರೀಕ್ಷೆ ಬರೆದು ಪಿಯುಸಿ ಪಾಸಾಗಿ, ಕೆಲಸ ಮಾಡುತ್ತಲೇ ಮನೆಯಿಂದ ಬಿಟೆಕ್ ಮಾಡಿ ಅಂತ ಅದರಲ್ಲಿತ್ತು. ಆ ಪಿಯುಸಿಗೆ 45,000 ರೂಪಾಯಿ ಕೇಳಿದ್ದರಂತೆ. ಅಕ್ಕ ಚೀಟಿ ಎತ್ತಿ ಕೊಡುವ ಯೋಚನೆಯಲ್ಲಿದ್ದರು.

ಈ ಗಾಬರಿ ಹುಟ್ಟಿದ್ದು ಸೋದರಮಾವನಿಂದ. ಬೆಂಗಳೂರಿನಲ್ಲಿ ಇರುವವರು, ಮನೆಯಲ್ಲಿ ಅವರ ಮಾತಿಗೆ ಬೆಲೆ ಜಾಸ್ತಿ. ಅವರು ಎರಡು ಮಾತು ಹೇಳಿದ್ದರು. ಬಿಇಗೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು. ಮತ್ತೆ, ಇವನದು ಎರಡೇ ವರ್ಷದ ಡಿಪ್ಲೊಮಾ, ಮೂರು ವರ್ಷದ್ದಲ್ಲ, ಅದು ಯಾವ ಲೆಕ್ಕಕ್ಕೂ ಬರಲ್ಲ.

ಮೊದಲು ಹುಡುಗನ ಜೊತೆ

ಇಂಥ ಪ್ರಕರಣದಲ್ಲಿ ನಾನು ತಕ್ಷಣ ನಿಯಮಕ್ಕೆ ಕೈಹಾಕುವುದಿಲ್ಲ. ನಿಯಮವನ್ನು ಆಮೇಲೂ ನೋಡಬಹುದು. ಅಕ್ಕನನ್ನು ಹೊರಗೆ ಸ್ವಲ್ಪ ಹೊತ್ತು ಕೂರಲು ಹೇಳಿ ಬಸವರಾಜನ ಜೊತೆ ಮಾತಿಗೆ ಕೂತೆ. ಅವನು ವಯಸ್ಸಿಗೆ ಬಂದವನು. ಅವನು ಹೇಳುವುದು ಅವನ ಅನುಮತಿ ಇಲ್ಲದೆ ಅಕ್ಕನ ಕಿವಿಗೂ ಹೋಗಲ್ಲ ಅಂತ ಮೊದಲೇ ಹೇಳಿದೆ.

ತುಂಬ ಹೊತ್ತು ‘ಏನಿಲ್ರಿ ಮೇಡಮ್’ ಅಂದ. ನಿದ್ದೆ ಹೇಗಿದೆ ಅಂದರೆ ಪರವಾಗಿಲ್ಲ ಅಂದ. ಕಾಲೇಜು ಅಂದರೆ ಸುಮ್ಮನಾದ. ವೈರಿಂಗ್ ಕೆಲಸದ ಬಗ್ಗೆ ಕೇಳಿದಾಗ ಮಾತು ಬಂತು. ಮೂರು ಮಹಡಿ ಮನೆಗೆ ಒಬ್ಬನೇ ಡಿಬಿ (ಕರೆಂಟ್ ಹಂಚುವ ಪೆಟ್ಟಿಗೆ) ಕೂರಿಸಿದ್ದು, ಅರ್ತಿಂಗ್ ಸರಿ ಇಲ್ಲ ಅಂತ ಮೇಸ್ತ್ರಿ ಜೊತೆ ಜಗಳ ಆಡಿದ್ದು, ಎಲ್ಲ ಹೇಳಿದ. ಕೆಲಸ ಬಲ್ಲವನು, ಅದರಲ್ಲಿ ಸಂಶಯವೇ ಇಲ್ಲ.

ಆಮೇಲೆ ನಿಧಾನಕ್ಕೆ ಇನ್ನೊಂದು ವಿಷಯ ಹೊರಬಿತ್ತು. ಮೂರನೇ ಸೆಮಿಸ್ಟರಿನಲ್ಲಿ ಸರ್ಕಿಟ್‌ಗೆ ಸಂಬಂಧಪಟ್ಟ ಒಂದು ವಿಷಯ ಬಾಕಿ ಉಳಿದಿತ್ತು. ಮತ್ತೆ ಬರೆದಾಗಲೂ ಹೋಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಕ್ಲಾಸಿಗೆ ಹೋಗುವುದೂ ಕಡಿಮೆಯಾಗಿತ್ತು. ಹಾಸ್ಟೆಲಿನಲ್ಲಿ ಕೆಲವರು ಇವನನ್ನು ‘ಐಟಿಐ ಬ್ಯಾಚು’ ಅಂತಲೇ ಕರೆಯುತ್ತಿದ್ದರಂತೆ. ‘ಪಿಯುಸಿ ಇಲ್ಲ, ಸೀಟು ಸಿಗಲ್ಲ ಅಂತ ಮಾವ ಅಂದಾಗ ಒಂಥರಾ ಹಗುರ ಆತ್ರಿ’ ಅಂದ. ‘ಬ್ಯಾಕ್ ಇರೋದು ಹೇಳೋ ಪ್ರಸಂಗಾನ ಬರಲ್ಲ ಅಲ್ರಿ.’

ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಮನೆಯವರು ಚಿಂತೆ ಮಾಡುತ್ತಿದ್ದ ಅಡ್ಡಿ ಒಂದು, ನಿಜವಾಗಿ ಎದುರಿಗಿದ್ದ ಅಡ್ಡಿ ಇನ್ನೊಂದು. ಪಿಯುಸಿ ಇಲ್ಲ ಅನ್ನುವುದು ಯಾರ ತಪ್ಪೂ ಅಲ್ಲದ ಕಾರಣ. ಅದರ ಹಿಂದೆ ನಿಲ್ಲುವುದು ಅವನಿಗೆ ಸುಲಭ. ಬಾಕಿ ವಿಷಯ ಹಾಗಲ್ಲ, ಅದರ ಬಗ್ಗೆ ಏನಾದರೂ ಮಾಡಬೇಕಾಗುತ್ತದೆ.

ಅಕ್ಕನಿಗೆ ಹೇಳು ಅಂತ ನಾನು ಒತ್ತಾಯ ಮಾಡಲಿಲ್ಲ. ಆದರೆ 45,000 ರೂಪಾಯಿ ಹೋಗುವ ಮೊದಲು ಹೇಳುವುದು ಒಳ್ಳೆಯದು, ಬೇಕಾದರೆ ನಾನು ಪಕ್ಕದಲ್ಲಿ ಇರುತ್ತೇನೆ ಅಂದೆ. ಒಪ್ಪಿದ. ಅಕ್ಕನನ್ನು ಒಳಗೆ ಕರೆದೆವು. ಅವರು ಕೇಳಿಸಿಕೊಂಡು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ‘ಒಂದಾ? ನಾ ಎಲ್ಲಾ ಹೋಗ್ಯಾವಂತ ಮಾಡಿದ್ದೆ’ ಅಂದರು. ಮುಖ ನೋಡಿ ಅವರು ಏನೇನೋ ಊಹಿಸಿಕೊಂಡಿದ್ದರಂತೆ. ಹುಡುಗ ಅಂದುಕೊಂಡಷ್ಟು ದೊಡ್ಡ ಗಲಾಟೆ ಏನೂ ಆಗಲಿಲ್ಲ.

ನಿಯಮದಲ್ಲಿ ನಿಜಕ್ಕೂ ಏನಿದೆ

ಮುಂದಿನ ಭೇಟಿಗೆ ಕಂಪ್ಯೂಟರ್ ತೆರೆದು ಮೂವರೂ ಕೂತೆವು. ಮಾವ ಹೇಳಿದ್ದು ಸುಳ್ಳಲ್ಲ, ಆದರೆ ಇವನಿಗೆ ಸೇರಿದ್ದಲ್ಲ. ಬಿಇಗೆ ಎರಡು ಬಾಗಿಲು ಇವೆ. ಮೊದಲ ವರ್ಷಕ್ಕೆ ಸೇರುವವರಿಗೆ ಪಿಯುಸಿ ವಿಜ್ಞಾನ ಬೇಕು. ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ, ನೇರವಾಗಿ ಸೇರುವವರಿಗೆ ಬೇರೆಯೇ ಅರ್ಹತೆ. ಮಾವ ಓದಿದ್ದು ಮೊದಲ ವರ್ಷದ್ದು. ಅರ್ಹತೆ ನೋಡುವಾಗ ಅತಿ ಹೆಚ್ಚು ಜನ ಎಡವುವುದೂ ಇಲ್ಲೇ. ಸರಿಯಾದ ದಾಖಲೆಯನ್ನೇ ತೆರೆದಿರುತ್ತಾರೆ, ಓದುವುದು ಬೇರೆಯವರ ಸಾಲು.

ದೇಶದ ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇಯ ನಿಯಮದಲ್ಲಿ ಲ್ಯಾಟರಲ್ ಎಂಟ್ರಿಯ, ಅಂದರೆ ಹೀಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರುವವರ, ಸಾಲು ಹೀಗಿದೆ: ಇಂಜಿನಿಯರಿಂಗ್‌ನ ಯಾವುದೇ ಶಾಖೆಯಲ್ಲಿ ಕನಿಷ್ಠ ಮೂರು ವರ್ಷದ ಡಿಪ್ಲೊಮಾ, ಅಥವಾ ಡಿಪ್ಲೊಮಾಗೇ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರಾದರೆ ಎರಡು ವರ್ಷದ ಡಿಪ್ಲೊಮಾ. ಅಂಕ ಶೇ. 45, ಮೀಸಲಾತಿ ವರ್ಗದವರಿಗೆ ಶೇ. 40. ಎರಡು ವರ್ಷ ಅನ್ನುವ ಮಾತು ಅಲ್ಲೇ, ಅಚ್ಚಿನಲ್ಲೇ ಇದೆ. ಬಸವರಾಜನಂಥ ಹುಡುಗರನ್ನು ನೆನಪಿಟ್ಟುಕೊಂಡೇ ಅದನ್ನು ಸೇರಿಸಿದ್ದಾರೆ. ಪಿಯುಸಿಯ ಪ್ರಸ್ತಾಪವೇ ಆ ಸಾಲಿನಲ್ಲಿ ಇಲ್ಲ. ಇವನ ಡಿಪ್ಲೊಮಾ ಅಂಕ ಶೇ. 60ರ ಆಸುಪಾಸು ಇತ್ತು. ಆ ಸಾಲನ್ನು ಅವನ ಕೈಯಿಂದಲೇ ಗಟ್ಟಿಯಾಗಿ ಓದಿಸಿದೆ. ನಾನು ಹೇಳಿದ್ದರೆ ಅದು ಮಾವನ ಮಾತಿನ ಎದುರು ಮೇಡಮ್ ಮಾತು ಆಗುತ್ತಿತ್ತು, ಅಷ್ಟೇ.

ಆದರೆ ಅಲ್ಲಿಗೇ ನಿಲ್ಲುವ ಹಾಗಿಲ್ಲ. ಎಐಸಿಟಿಇ ಹೇಳುವುದು ಇಡೀ ದೇಶಕ್ಕೆ ಕನಿಷ್ಠ ಎಷ್ಟು ಅನ್ನುವುದನ್ನು. ಕರ್ನಾಟಕದಲ್ಲಿ ಸೀಟು ಹಂಚುವುದು ಕೆಇಎ, ಡಿಪ್ಲೊಮಾದವರಿಗೆ ಅದು ನಡೆಸುವ ಪರೀಕ್ಷೆ ಡಿಸಿಇಟಿ. ಆ ವರ್ಷದ ಡಿಸಿಇಟಿ ಕೈಪಿಡಿಯನ್ನು ಬೇರೆಯಾಗಿ ಓದಬೇಕು. ಆಮೇಲೆ ಪದವಿ ಕೊಡುವ ವಿಶ್ವವಿದ್ಯಾಲಯದ ನಿಯಮ. ಹೆಚ್ಚಿನ ಕಾಲೇಜುಗಳಿಗೆ ಅದು ಬೆಳಗಾವಿಯ ವಿಟಿಯು. ಕೊನೆಗೆ ಕಾಲೇಜು. ಕಾಲೇಜಿನ ಜಾಹೀರಾತು, ಕೋಚಿಂಗ್ ಸೆಂಟರಿನ ಪಟ್ಟಿ, ಯೂಟ್ಯೂಬ್ ವಿಡಿಯೊ, ಇವು ಯಾವುವೂ ದಾಖಲೆಗಳಲ್ಲ. ಎಲ್ಲಿ ಹುಡುಕಬೇಕು ಅಂತ ಸುಳಿವು ಕೊಡಬಹುದು, ಅಷ್ಟೇ. ಮತ್ತೆ, ಹೋದ ವರ್ಷದ ಕೈಪಿಡಿ ಈ ವರ್ಷಕ್ಕೆ ಸಾಕ್ಷಿಯಲ್ಲ. ಗೆಳೆಯ ಫಾರ್ವರ್ಡ್ ಮಾಡಿದ ಪಿಡಿಎಫ್ ಯಾವ ವರ್ಷದ್ದು ಅಂತ ಮೊದಲ ಪುಟ ನೋಡದೆ ಓದಬೇಡ ಅಂತ ಹೇಳಿದೆ. ಅವನ ಮೊಬೈಲಿನಲ್ಲಿ ಇದ್ದದ್ದೂ ಹಳೆಯದೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಒಂದೇ ಡಿಪ್ಲೊಮಾ ಎಲ್ಲ ಕಡೆಯೂ ಒಂದೇ ಬೆಲೆಗೆ ನಡೆಯುವುದಿಲ್ಲ. ಸಿವಿಲ್ ಡಿಪ್ಲೊಮಾ ಮಾಡಿದ ಹುಡುಗಿ ಬಿಇಗೆ ಹೋದರೆ ಎರಡನೇ ವರ್ಷಕ್ಕೆ ಸೇರಬಹುದು. ಅದೇ ಹುಡುಗಿ ಬಿಆರ್ಕ್‌ಗೆ, ಅಂದರೆ ಆರ್ಕಿಟೆಕ್ಚರ್ ಪದವಿಗೆ, ಹೋದರೆ ಮೊದಲ ವರ್ಷದಿಂದಲೇ ಶುರು, ಡಿಪ್ಲೊಮಾದಲ್ಲಿ ಗಣಿತ ಓದಿರಬೇಕು, ಮೇಲೆ ನಾಟಾ ಅನ್ನುವ ಪ್ರವೇಶ ಪರೀಕ್ಷೆ. ಯಾಕಂದರೆ ಅಲ್ಲಿ ನಿಯಮ ಮಾಡುವುದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. ಡಿಫಾರ್ಮ್‌ನವರು ಬಿಫಾರ್ಮ್ ಎರಡನೇ ವರ್ಷಕ್ಕೆ ಹೋಗಬಹುದು, ಅಲ್ಲಿ ಫಾರ್ಮಸಿ ಕೌನ್ಸಿಲ್ ಮಾತು ನಡೆಯುತ್ತದೆ. ಹಾಗಾಗಿ ‘ನನ್ನ ಸರ್ಟಿಫಿಕೇಟ್ ಪಿಯುಸಿಗೆ ಸಮ ಹೌದಾ?’ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವುದಕ್ಕೆ ಸೇರಲು?

ಅಕ್ಕನಿಗೆ ಇದು ಅರ್ಥವಾಗಿದ್ದು ಸರ್ಕಾರಿ ಕೆಲಸದ ಉದಾಹರಣೆಯಿಂದ. ಪೊಲೀಸ್ ನೇಮಕಾತಿಯಂಥ ಕೆಲವು ಅಧಿಸೂಚನೆಗಳಲ್ಲಿ ‘ಪಿಯುಸಿ ಅಥವಾ ತತ್ಸಮಾನ’ ಅಂತ ಇರುತ್ತದೆ. ಅದರ ಕೆಳಗೆ ಮೂರು ವರ್ಷದ ಡಿಪ್ಲೊಮಾ, ಎರಡು ವರ್ಷದ ಐಟಿಐ, ಜೆಒಸಿ (ಹಿಂದೆ ಇದ್ದ ಉದ್ಯೋಗ ಆಧಾರಿತ ಕೋರ್ಸ್) ಹೆಸರೂ ಇರುತ್ತದೆ. ಅಲ್ಲಿಗೇ ಖುಷಿಪಟ್ಟು ಮುಚ್ಚಿಡುವವರು ಬಹಳ. ಇನ್ನೂ ಒಂದು ಸಾಲು ಕೆಳಗೆ ಹೋದರೆ ಷರತ್ತು ಕಾಣುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲೋ ಪಿಯು ಮಂಡಳಿಯಲ್ಲೋ ಒಂದು ಭಾಷೆ ಮತ್ತು ಒಂದು ಶೈಕ್ಷಣಿಕ ವಿಷಯ ಪಾಸಾಗಿರಬೇಕು. ಬಿಇಗೆ ಪಿಯುಸಿ ಬೇಡ, ಆದರೆ ಮುಂದೆ ಅಂಥ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಇದು ಬೇಕಾದೀತು. ಆಗ ಎನ್‌ಐಒಎಸ್‌ನಲ್ಲಿ ಆ ಎರಡು ವಿಷಯ ಕಟ್ಟಿದರೆ ಮುಗಿಯಿತು. ಕೇಂದ್ರ ಸರ್ಕಾರದ ಸಂಸ್ಥೆ, ಶುಲ್ಕ ಬಹಿರಂಗ, ನಡುವೆ ಯಾರೂ ಬೇಡ.

ಕರಪತ್ರದ ಕಥೆ

ಕರಪತ್ರದಲ್ಲಿದ್ದ ಎರಡನೇ ಮಾತು, ಮನೆಯಿಂದ ಬಿಟೆಕ್, ಇನ್ನೂ ಅಪಾಯದ್ದು. ಇಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡಲು ಅವಕಾಶ ಇಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಹಾಗೆ ಕೊಟ್ಟವು. ಡಿಪ್ಲೊಮಾ ಮಾಡಿ ನೌಕರಿಯಲ್ಲಿದ್ದವರು ಬಡ್ತಿಗೆ ಅಂತ ಅವನ್ನು ತೆಗೆದುಕೊಂಡರು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2001ರಿಂದ 2005ರವರೆಗೆ ಸೇರಿದವರ ಪದವಿ ಅಮಾನತು. ಎಐಸಿಟಿಇ ನಡೆಸುವ ಪರೀಕ್ಷೆ ಪಾಸಾದರೆ ಮಾತ್ರ ಉಳಿಯುತ್ತದೆ ಅಂತಾಯಿತು. ಅದರ ನಂತರ ಸೇರಿದವರ ಪದವಿ ರದ್ದು. ಹತ್ತು ಹನ್ನೆರಡು ವರ್ಷ ಕೆಲಸ ಮಾಡಿದ ಮೇಲೆ ಹೀಗಾದರೆ ಹೇಗಿರುತ್ತೆ, ಯೋಚನೆ ಮಾಡಿ ಅಂದೆ. ಗೀತಾ ಕರಪತ್ರವನ್ನು ಮಡಚಿ ಚೀಲದ ತಳಕ್ಕೆ ಹಾಕಿದರು.

ಕೆಲಸ ಮಾಡುತ್ತಾ ಓದುವ ಸರಿಯಾದ ದಾರಿ ಬೇರೆ ಇದೆ. ಕನಿಷ್ಠ ಒಂದು ವರ್ಷ ಕೆಲಸದ ಅನುಭವ ಇರುವ ಡಿಪ್ಲೊಮಾದವರಿಗೆ ಅಂತಲೇ ಎಐಸಿಟಿಇ ಕೆಲವು ಕಾಲೇಜುಗಳಿಗೆ ಬಿಟೆಕ್ ನಡೆಸಲು ಒಪ್ಪಿಗೆ ಕೊಟ್ಟಿದೆ. ತರಗತಿಯ ಸಮಯ ಹೊಂದಿಸಿರುತ್ತಾರೆ, ಆದರೆ ಕಾಲೇಜಿಗೆ ಹೋಗಲೇಬೇಕು, ಕೆಲಸದ ಜಾಗವೂ ಹತ್ತಿರ ಇರಬೇಕು. ಇದನ್ನು ಎರಡನೇ ದಾರಿ ಅಂತ ಬರೆದಿಟ್ಟುಕೊಂಡೆವು.

‘ಒಂದೇ ಸಲಕ್ಕೆ ಪಿಯುಸಿ’ ಕೊಡುವ ಬೋರ್ಡಿನ ಹೆಸರನ್ನು ಕರಪತ್ರದಲ್ಲಿ ಹಾಕಿಯೇ ಇರಲಿಲ್ಲ. ಫೋನ್ ಮಾಡಿ ಕೇಳಿ, ಹೆಸರು ಹೇಳಿದರೆ ಆ ಬೋರ್ಡು ಶಾಲಾ ಬೋರ್ಡುಗಳ ಒಕ್ಕೂಟವಾದ ಕೋಬ್ಸೆಯ ಪಟ್ಟಿಯಲ್ಲಿ ಇದೆಯಾ ನೋಡೋಣ ಅಂದೆ. ಶಾಲಾ ಬೋರ್ಡುಗಳ ಪಟ್ಟಿ ಅಲ್ಲಿ ಸಿಗುತ್ತದೆ. ಅಕ್ಕ ಅಲ್ಲೇ ಫೋನ್ ಮಾಡಿದರು. ಆ ಕಡೆಯವರು ‘ಅದೆಲ್ಲ ಸೇರಿದ ಮೇಲೆ ಹೇಳ್ತೀವಿ, ಮೊದಲು ಅಡ್ವಾನ್ಸ್ ಹಾಕಿ’ ಅಂದರು. ನಾನು ಏನೂ ಹೇಳಬೇಕಾಗಲಿಲ್ಲ.

ಗಣಿತ ಎಂಬ ತೊಡಕು

ಅರ್ಹತೆ ಇದೆ ಅಂತ ತಿಳಿದ ಮೇಲೆ ಹುಡುಗ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಅಡಗಿಕೊಳ್ಳಲು ಇದ್ದ ಕಾರಣ ಹೋಗಿಬಿಟ್ಟಿತ್ತಲ್ಲ.

ನಾನು ಅವನ ಐಟಿಐ, ಡಿಪ್ಲೊಮಾ ಎರಡರ ಪಠ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಐಟಿಐಯಲ್ಲಿ ಇದ್ದದ್ದು ವರ್ಕ್‌ಶಾಪ್ ಕ್ಯಾಲ್ಕುಲೇಷನ್. ಶೇಕಡಾ, ವಿಸ್ತೀರ್ಣ, ಪವರ್ ಲೆಕ್ಕ, ಅಂಥವು. ಡಿಪ್ಲೊಮಾದ ಗಣಿತ ಇರುವುದು ಮೊದಲ ವರ್ಷದಲ್ಲಿ. ಇವನು ಸೇರಿದ್ದೇ ಎರಡನೇ ವರ್ಷಕ್ಕೆ. ಉಳಿದವರ ಹಾಗೆ ವರ್ಷವಿಡೀ ಆ ತರಗತಿಯಲ್ಲಿ ಕೂತವನಲ್ಲ. ಮೂರನೇ ಸೆಮಿಸ್ಟರಿನಲ್ಲಿ ಎಸಿ ಸರ್ಕಿಟ್ ಬಂದಾಗ ಫೇಸರ್, ಕಾಂಪ್ಲೆಕ್ಸ್ ನಂಬರ್ ಎಲ್ಲರಿಗೂ ಗೊತ್ತು ಅಂತಲೇ ಪಾಠ ಮುಂದೆ ಹೋಗಿದೆ. ಇವನಿಗೆ ಮೋಟಾರು ಬಿಚ್ಚಿ ಕಟ್ಟಲು ಬರುತ್ತದೆ, ಕಾಗದದ ಮೇಲೆ ಕಾಂಪ್ಲೆಕ್ಸ್ ನಂಬರಿನ ‘ಜೆ’ ಕಂಡರೆ ಕೈ ನಡುಗುತ್ತದೆ. ಇನ್ನು ಬಿಇಗೆ ಹೋದರೂ ಅಲ್ಲಿ ಸೇರುವುದು ಎರಡನೇ ವರ್ಷಕ್ಕೇ. ಮೊದಲ ವರ್ಷದ ಗಣಿತ ಮತ್ತೆ ತಪ್ಪಿತು. ಎರಡು ಸಲ ಮೆಟ್ಟಿಲು ಹಾರಿ ಬಂದವನ ಕಾಲಿಗೆ ಎರಡು ಸಲವೂ ಹಾರಿದ್ದು ಅದೇ ಮೆಟ್ಟಿಲು.

ಇದನ್ನು ಅವನಿಗೆ ವಿವರಿಸಿದಾಗ ಬಹಳ ಹೊತ್ತು ಆ ಹಾಳೆ ನೋಡುತ್ತಿದ್ದ. ‘ಹಂಗಾರ ನಾ ದಡ್ಡ ಅಲ್ರಿ?’ ಅಂದ. ಪಾಠವನ್ನೇ ಸರಿಯಾಗಿ ಕೇಳದವನು ಆ ಪಾಠದಲ್ಲಿ ದಡ್ಡ ಹೌದೋ ಅಲ್ಲವೋ ಅಂತ ಇನ್ನೂ ಗೊತ್ತಾಗಿಲ್ಲ, ಓದಿ ನೋಡು ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ.

ಇದು ಬರೀ ಓದಿನ ಮಾತಲ್ಲ, ಪ್ರವೇಶದ ಮಾತೂ ಹೌದು. ಡಿಸಿಇಟಿಯಲ್ಲಿ ಮೊದಲು ಶಾಖೆಗೊಂದು ಪ್ರಶ್ನೆಪತ್ರಿಕೆ ಇತ್ತು. ಇವನು ಬರೆಯಬೇಕಿದ್ದ ಹೊತ್ತಿಗೆ ಎಲ್ಲ ಶಾಖೆಗೂ ಒಂದೇ ಪತ್ರಿಕೆ, 100 ಅಂಕ, ಐದು ವಿಷಯ: ಇಂಜಿನಿಯರಿಂಗ್ ಗಣಿತ, ಸ್ಟ್ಯಾಟಿಸ್ಟಿಕ್ಸ್ ಮತ್ತು ಅನಲಿಟಿಕ್ಸ್, ಐಟಿ ಸ್ಕಿಲ್ಸ್, ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಮೂಲ ಪಾಠ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಎಲ್ಲವೂ ಡಿಪ್ಲೊಮಾ ಮೊದಲ ವರ್ಷದ ಪಾಠಗಳು. ಅಂದರೆ ಐಟಿಐಯಿಂದ ಬಂದವರು ದಾಟಿ ಬಂದ ವರ್ಷದ ಮೇಲೇ ಪರೀಕ್ಷೆ! ಅರ್ಹತೆಯ ಪುಟದಲ್ಲಿ ಬಾಗಿಲು ತೆರೆದೇ ಇದೆ, ಪಠ್ಯದ ಪುಟದಲ್ಲಿ ಅದು ಅರ್ಧ ಮುಚ್ಚಿದೆ. ಇದು ನ್ಯಾಯವಾ ಅಂತ ನನ್ನನ್ನು ಕೇಳಿದರೆ ಅಲ್ಲ ಅಂತಲೇ ಹೇಳುತ್ತೇನೆ. ಆದರೆ ಹುಡುಗನಿಗೆ ಬೇಕಾದದ್ದು ನನ್ನ ಅಭಿಪ್ರಾಯವಲ್ಲ, ಜೂನಿಯರ್‌ಗಳ ನೋಟ್ಸು.

ಅದನ್ನೇ ಸಲಹೆಯಾಗಿ ಕೊಟ್ಟೆ. ಅದೇ ಪಾಲಿಟೆಕ್ನಿಕ್‌ನ ಮೊದಲ ವರ್ಷದ ಗಣಿತದ ಉಪನ್ಯಾಸಕರನ್ನು ಕಂಡು, ತರಗತಿಯ ಹಿಂದೆ ಕೂರಲು ಅನುಮತಿ ಕೇಳಬೇಕು. ಚಿಕ್ಕವರ ಜೊತೆ ಕೂರುವುದು ಹೇಗೆ ಅಂತ ಎರಡು ವಾರ ಎಳೆದ. ಕೊನೆಗೆ ಹೋದ. ಆ ಮೇಡಮ್ ಕೂರಿಸಿಕೊಂಡರು. ಬಾಕಿ ವಿಷಯಕ್ಕೂ ಡಿಸಿಇಟಿಗೂ ಒಂದೇ ಓದು ಸಾಕಾಗುತ್ತದೆ ಅಂತ ಅವನಿಗೇ ಕ್ರಮೇಣ ಹೊಳೆಯಿತು. ಲ್ಯಾಟರಲ್ ಎಂಟ್ರಿಯವರಿಗೆ ವಿಟಿಯು ಹಲವು ವರ್ಷಗಳಿಂದ ಹೆಚ್ಚುವರಿ ಗಣಿತ ಅಂತ ಇಟ್ಟುಕೊಂಡು ಬಂದಿದೆ. ಅದಕ್ಕೆ ಕ್ರೆಡಿಟ್ ಇಲ್ಲದಿದ್ದರೂ ಪಾಸಾಗುವುದು ಕಡ್ಡಾಯ ಅಂತ ಇದ್ದದ್ದೂ ಉಂಟು. ಸೇರುವ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಅದು ಹೇಗಿದೆ ಅಂತ ಮೊದಲ ವಾರದಲ್ಲೇ ಕೇಳಿಕೊಳ್ಳಲು ಹೇಳಿದೆ. ಕೊನೆಯ ವರ್ಷದಲ್ಲಿ ‘ಇದು ಪಾಸಾಗಬೇಕಿತ್ತಾ?’ ಅಂತ ಬರುವ ಹುಡುಗರನ್ನು ನೋಡಿದ್ದೇನೆ.

ಕಾಗದಗಳು

ಕವರಿನಲ್ಲಿದ್ದ ಕಾಗದಗಳನ್ನು ನೋಡುವಾಗ ಯಾರೂ ಗಮನಿಸದ ಒಂದು ಅನುಕೂಲ ಸಿಕ್ಕಿತು. ಇವನು ಒಂದರಿಂದ ಹತ್ತರವರೆಗೆ ಓದಿದ್ದು ಗ್ರಾಮೀಣ ಪ್ರದೇಶದಲ್ಲಿ, ಅದೂ ಕನ್ನಡ ಮಾಧ್ಯಮದಲ್ಲಿ. ಕೆಇಎ ಸೀಟುಗಳಲ್ಲಿ ಗ್ರಾಮೀಣದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು. ಇಲ್ಲದ ಪಿಯುಸಿ ಬಗ್ಗೆ ಆರು ತಿಂಗಳು ಮಾತಾಡಿದ ಮನೆಯಲ್ಲಿ ಇರುವ ಇದರ ಬಗ್ಗೆ ಒಬ್ಬರೂ ಮಾತಾಡಿರಲಿಲ್ಲ. ಇದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಮಾಡಿಸಬೇಕು. ಬೇಸಿಗೆ ರಜೆಯಲ್ಲಿ ಮುಖ್ಯ ಶಿಕ್ಷಕರು ಸಿಗುವುದು ಕಷ್ಟ, ಮಾರ್ಚಿನೊಳಗೆ ಮಾಡಿಸಿ ಅಂದೆ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೂ ದಾಖಲೆ ಬೇಕು, ಅದು ಇದೇ ಓಡಾಟದಲ್ಲಿ ಆಗುತ್ತದೆ. ಜಾತಿ ಆದಾಯ ಪತ್ರದ ಆರ್‌ಡಿ ಸಂಖ್ಯೆ ಸರಿ ಇದೆಯಾ, ಅವಧಿ ಮುಗಿದಿದೆಯಾ ನೋಡಿದೆವು. ಆದಾಯ ಪತ್ರ ಹೊಸದು ಮಾಡಿಸಬೇಕಿತ್ತು.

ಐಟಿಐ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಿಂತ ಬೇರೆ ಇತ್ತು. ಸಣ್ಣದು ಅನ್ನಿಸುತ್ತದೆ. ದಾಖಲೆ ಪರಿಶೀಲನೆಯ ದಿನ ಕೌಂಟರಿನ ಎದುರು ನಿಂತಾಗ ಸಣ್ಣದಲ್ಲ. ಐಟಿಐಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಲು ಹೇಳಿದೆ.

ಮಾವನ ಇನ್ನೊಂದು ಮಾತು ಉಳಿದಿತ್ತು. ಕಂಪನಿಗಳು ಹತ್ತು, ಹನ್ನೆರಡು, ಡಿಗ್ರಿ ಎಲ್ಲದರಲ್ಲೂ ಶೇ. 60 ಕೇಳುತ್ತವೆ ಅಂತ. ಇದು ಎಷ್ಟೋ ಕಡೆ ನಿಜ. ಹನ್ನೆರಡರ ಜಾಗಕ್ಕೆ ಡಿಪ್ಲೊಮಾ ಅಂಕ ತೆಗೆದುಕೊಳ್ಳುತ್ತಾರೆ, ಆದರೆ ಎಸ್ಸೆಸ್ಸೆಲ್ಸಿಯ 52 ಬದಲಾಗಲ್ಲ. ಆ ಕಂಪನಿಗಳಿಗೆ ಇವನು ಹೋಗಲಿಕ್ಕಾಗದೇ ಇರಬಹುದು ಅಂತ ನೇರವಾಗಿ ಹೇಳಿದೆ. ಜೊತೆಗೆ, ಕೆಪಿಟಿಸಿಎಲ್‌ನ ಎಲೆಕ್ಟ್ರಿಕಲ್ ಕಿರಿಯ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾವೇ ಅರ್ಹತೆ. ಬಿಇ ಸಿಗಲಿ ಬಿಡಲಿ, ಆ ಅಧಿಸೂಚನೆ ಬಂದಾಗ ಅರ್ಜಿ ಹಾಕುವುದನ್ನು ಬಿಡಬೇಡ ಅಂದೆ. ಅಕ್ಕನಿಗೆ ಈ ಮಾತು ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಆಮೇಲೆ

ಬಾಕಿ ವಿಷಯ ಆ ಸಲದ ಪರೀಕ್ಷೆಯಲ್ಲಿ ಪಾಸಾಯಿತು, ಬೇಕಾದ ಅಂಕಕ್ಕಿಂತ ತುಸು ಮೇಲೆ. ಡಿಸಿಇಟಿ ರ‍್ಯಾಂಕು ಹೇಳಿಕೊಳ್ಳುವಂಥದ್ದಲ್ಲ. ಆಪ್ಷನ್ ಎಂಟ್ರಿ ಮಾಡುವಾಗ ಸೈಬರ್ ಸೆಂಟರಿನವರು ತಾವೇ ಕಾಲೇಜು ತುಂಬಿಸಿಕೊಡುತ್ತೇವೆ ಅಂದರಂತೆ. ಬೇಡ ಅಂತ ಇವನೇ ಕೂತು ಹಾಕಿದ. ಸರ್ಕಾರಿ ಕಾಲೇಜು ಮೊದಲು, ಹತ್ತಿರದವು ಆಮೇಲೆ. ಮೊದಲ ಸುತ್ತಿನಲ್ಲಿ ಏನೂ ಬರಲಿಲ್ಲ. ಎರಡನೇ ಸುತ್ತಿನಲ್ಲಿ ಗ್ರಾಮೀಣ ಮೀಸಲಾತಿಯಡಿ ಒಂದು ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಬಂತು, ಎಲೆಕ್ಟ್ರಿಕಲ್‌ನಲ್ಲೇ. ಚೀಟಿ ಹಣ ಶುಲ್ಕಕ್ಕೆ ಹೋಯಿತು. ಮೂರನೇ ಸೆಮಿಸ್ಟರಿನ ಗಣಿತ ಈಗಲೂ ಕಷ್ಟವೇ. ಲ್ಯಾಬಿನಲ್ಲಿ ಮಾತ್ರ ಪಿಯುಸಿಯಿಂದ ಬಂದವರು ಇವನ ಬ್ಯಾಚಿಗೆ ಸೇರಲು ನೋಡುತ್ತಾರಂತೆ. ಹಾಗಂತ ಹೇಳುವಾಗ ಫೋನಿನಲ್ಲಿ ಅವನ ದನಿ ಬೇರೆಯೇ ಇತ್ತು.

ಸೀಟು ಸಿಕ್ಕ ಸುದ್ದಿ ಹೇಳಲು ಗೀತಾ ಒಬ್ಬರೇ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, ತಾವು ಎಸ್ಸೆಸ್ಸೆಲ್ಸಿ ಆದ ಮೇಲೆ ಜೆಒಸಿ ಮಾಡಿದ್ದಾಗಿ ಹೇಳಿದರು. ಹೊಲಿಗೆಗೆ ಸಂಬಂಧಪಟ್ಟದ್ದು, ಎರಡು ವರ್ಷ. ಆ ಕೋರ್ಸುಗಳು ಈಗ ಇಲ್ಲ. ‘ಅದರ ಮ್ಯಾಲ ಬಿಎ ಕಟ್ಟಾಕ ಬರ್ತೈತೇನ್ರಿ? ಸೂಪರ್‌ವೈಸರ್ ಮಾಡಬೇಕಂದ್ರ ಡಿಗ್ರಿ ಕೇಳ್ತಾರ.’

ಬಂದು ಕೂರಿ ಅಂದೆ. ಜೆಒಸಿ ಅಂಕಪಟ್ಟಿ ಮನೆಯಲ್ಲಿ ಇದೆಯಾ, ಎರಡೂ ವರ್ಷದ್ದು ಇದೆಯಾ ಅಂತ ಮೊದಲು ಕೇಳಿದೆ. ಇದೆ ಅಂದರು. ಕೆಲಸ ಬಿಡಲಾಗದು, ಆದ್ದರಿಂದ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವನ್ನೇ ನೋಡಬೇಕು. ಬಿಎ ದೂರಶಿಕ್ಷಣದಲ್ಲಿ ಮಾಡಬಹುದಾದ ಪದವಿ. ಆದರೂ ಆ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಬೇಕು. ಆಮೇಲೆ ಆ ವರ್ಷದ ಪ್ರವೇಶ ಕೈಪಿಡಿಯಲ್ಲಿ ಬಿಎ ಅರ್ಹತೆಯ ಸಾಲು ತೆಗೆದು, ಅಲ್ಲಿ ಜೆಒಸಿ ಅನ್ನುವ ಮೂರಕ್ಷರ ಇದೆಯಾ, ಅದರ ಪಕ್ಕದಲ್ಲಿ ಷರತ್ತೇನಾದರೂ ಇದೆಯಾ ಹುಡುಕಬೇಕು. ಈಗ ಇದನ್ನೆಲ್ಲ ಅವರಿಗೆ ಹೇಳಿಕೊಡುವ ಅಗತ್ಯ ಇರಲಿಲ್ಲ, ಅರ್ಧ ಅವರೇ ಹೇಳಿದರು. ಏನಾದರೂ ಸ್ಪಷ್ಟ ಇಲ್ಲದಿದ್ದರೆ ದಾವಣಗೆರೆಯ ಪ್ರಾದೇಶಿಕ ಕೇಂದ್ರಕ್ಕೆ ಅಂಕಪಟ್ಟಿಯ ನಕಲು ಸೇರಿಸಿ ಒಂದು ಪತ್ರ ಕೊಡಿ, ಬಾಯಿಮಾತಿನ ಉತ್ತರ ತರಬೇಡಿ, ಪತ್ರದ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ ಅಂದೆ. ಪತ್ರವನ್ನು ಅಲ್ಲೇ ಕೂತು ಬರೆದರು.